ಹಳಬರ ವಾರದ ಹುರಿಗಡಲೆ

ನನ್ನ ಅಂಗಡಿಯ ಗೋಲಿ ಸೋಡಾ ಒಡೆದ ಸದ್ದಿಗೆ ಒಮ್ಮೆ ಮೂರು ಊರಾಚೆ ತೊಟ್ಟಿಲಲ್ಲಿ ಮಲಗಿದ್ದ ಕೂಸು ಎದ್ದು ಕೂತಿತ್ತು. ನಂಬದವರು ಹೋಗಿ ಆ ಕೂಸನ್ನೇ ಕೇಳಿ. ಈಗ ಅದಕ್ಕೆ ಮೀಸೆ ಬಂದಿದೆ, ಮದುವೆಯೂ ಆಗಿದೆ, ಆದರೂ ಬೆಚ್ಚಿಬಿದ್ದೇ ಏಳುತ್ತದಂತೆ. ನಮ್ಮೂರನ್ನು ಅಳೆಯಲು ಬಂದ ಸರ್ವೆಯವನೊಬ್ಬ ನನ್ನ ಶುಂಠಿ ಸೋಡಾ ಕುಡಿದು ತೇಗಿದ ರಭಸಕ್ಕೆ ಅವನ ಕೈಯಲ್ಲಿದ್ದ ಹಾಳೆಗಳೆಲ್ಲ ಹಾರಿ ಹಳ್ಳಕ್ಕೆ ಬಿದ್ದವು. ಅದಕ್ಕೇ ನಮ್ಮೂರು ಇವತ್ತಿಗೂ ಯಾವ ನಕ್ಷೆಯಲ್ಲೂ ಇಲ್ಲ. ನಕ್ಷೆಯಲ್ಲಿಲ್ಲದ ಊರಿಗೆ ಬಸ್ಸು ಬರುವುದೇ ಹೆಚ್ಚು. ವಾರಕ್ಕೊಂದು ಸಲ, ಶುಕ್ರವಾರ ಮಧ್ಯಾಹ್ನ ಹನ್ನೆರಡಕ್ಕೆ ಬರುತ್ತದೆ, ನನ್ನ ಅಂಗಡಿಯ ಮುಂದೆ ನಿಲ್ಲುತ್ತದೆ, ಡ್ರೈವರ್ ಒಂದು ಸೋಡಾ ಕುಡಿಯುತ್ತಾನೆ, ಹೋಗುತ್ತದೆ. ಸೋಡಾ ಪರಮೇಶಿ ಅಂದರೆ ನಾನೇ. ಈ ಸೀಮೆಯಲ್ಲಿ ನನ್ನಷ್ಟು ದೊಡ್ಡ ಮನುಷ್ಯ ಇನ್ನೊಬ್ಬನಿಲ್ಲ. ಇದನ್ನು ನಾನು ಹೇಳುತ್ತಿಲ್ಲ, ನನ್ನ ಅಂಗಡಿಯ ಬೋರ್ಡು ಹೇಳುತ್ತದೆ. ಬರೆದದ್ದು ನಾನೇ ಅನ್ನುವುದು ಬೇರೆ ಮಾತು.

ಅಂಗಡಿಯ ಎದುರಿಗೇ ಶಾಲೆ. ಊರಿನವರೆಲ್ಲ ಓದಿದ್ದೂ ಅಲ್ಲೇ, ಓದದೆ ಬಿಟ್ಟಿದ್ದೂ ಅಲ್ಲೇ. ಏಪ್ರಿಲ್‌ನಲ್ಲಿ ಪರೀಕ್ಷೆ ಮುಗಿದು, ಶನಿವಾರ ಫಲಿತಾಂಶದ ಹಾಳೆ ಗೋಡೆಗೆ ಅಂಟುವ ತನಕದ ಆ ಒಂದು ವಾರಕ್ಕೆ ನಮ್ಮಲ್ಲಿ ಹಳಬರ ವಾರ ಎಂದು ಹೆಸರು. ಸೋಮವಾರ ಬೆಳಿಗ್ಗೆ ಹಳೆಯ ವಿದ್ಯಾರ್ಥಿಗಳು ಬಂದು ಶಾಲೆಯ ಜಗಲಿಯ ಮೇಲೆ ಚಾಪೆ ಹಾಸಿಕೊಂಡು ಸಾಲಾಗಿ ಕೂರುತ್ತಾರೆ. ಮಕ್ಕಳು, ಮಕ್ಕಳ ಹೆತ್ತವರು ತಮಗೆ ಬೇಕಾದವರ ಮುಂದೆ ಕೂತು ಕೇಳಬೇಕಾದ್ದನ್ನು ಕೇಳುತ್ತಾರೆ. ಲೆಕ್ಕ ತಲೆಗೇ ಹತ್ತುವುದಿಲ್ಲ, ನಿಮಗೆ ಹತ್ತುತ್ತಿತ್ತೇ? ಮಗ ಪುಸ್ತಕ ಹಿಡಿದರೆ ನಿದ್ದೆ ಹೋಗುತ್ತಾನೆ, ನಿಮ್ಮ ಅಮ್ಮ ಏನು ಮಾಡುತ್ತಿದ್ದರು? ಹೀಗೆ. ಇಂಥ ಏರ್ಪಾಡು ಬೇರೆ ಊರುಗಳಲ್ಲೂ ಇರಬಹುದು. ಬೇರೆ ಕಡೆ ಇಲ್ಲದ್ದು ಇದು: ನಮ್ಮೂರಲ್ಲಿ ಹಳಬನೊಬ್ಬ ತನ್ನ ಶಾಲೆಯ ದಿನಗಳ ನಿಜವಾದ ಸಂಗತಿಯನ್ನು ಶಾಲೆಯ ಮಗುವಿಗೆ ಹೇಳಿದರೆ, ಹೇಳಿ ಮುಗಿಸಿದ ಕ್ಷಣಕ್ಕೆ ಅದು ಅವನ ನೆನಪಿನಿಂದ ಹೋಗಿಬಿಡುತ್ತದೆ. ಕೇಳಿದವರ ಹತ್ತಿರ ಉಳಿಯುತ್ತದೆ, ಹೇಳಿದವನ ಹತ್ತಿರ ಇರುವುದಿಲ್ಲ. ಸುಳ್ಳು ಹೇಳಿದರೆ ಏನೂ ಹೋಗುವುದಿಲ್ಲ. ಇನ್ನೊಬ್ಬರ ಕಥೆ ಹೇಳಿದರೂ ಹೋಗುವುದಿಲ್ಲ.

ಹಾಗಾಗಿ ನಮ್ಮಲ್ಲಿ ಒಂದು ಪದ್ಧತಿ. ಹಳಬರು ಹೇಳಿ ಮುಗಿಸಿದ ಮೇಲೆ ಮಗು, "ಏನಂದ್ರಿ?" ಎಂದು ಕೇಳಬೇಕು. ಹೇಳಿದವರು ಕಣ್ಣು ಪಿಳಿಪಿಳಿ ಬಿಟ್ಟು, "ಏನಂದೆ?" ಅಂದರೆ ಆ ಮಾತು ನಿಜ, ನಂಬಬಹುದು. ಆಗ ಮಗು ಮನೆಯಿಂದ ತಂದ ಹುರಿಗಡಲೆಯನ್ನು ಒಂದು ಹಿಡಿ ತೆಗೆದು ಅವರ ಕೈಗೆ ಸುರಿಯುತ್ತದೆ. ಒಂದು ನೆನಪು ಕೊಟ್ಟು ಖಾಲಿಯಾದವರನ್ನು ಖಾಲಿ ಕೈಯಲ್ಲಿ ಕಳಿಸಬಾರದು ಅಂತ. ಹೇಳಿದ್ದನ್ನೇ ತಿರುಗಿ ಹೇಳಿದರೆ ಮಗು ಎದ್ದು ಮುಂದಿನ ಚಾಪೆಗೆ ಹೋಗುತ್ತದೆ, ಅಷ್ಟೇ.

ಇದಕ್ಕೆ ಊರು ಒಗ್ಗಿಕೊಂಡಿರುವ ರೀತಿ ನೋಡಬೇಕು. ಹಿಟ್ಟಿನ ಗಿರಣಿಯ ರಂಗಮಣಿಗೆ ಹಾಡಿದ್ದಕ್ಕಾಗಿ ಐದನೇ ಕ್ಲಾಸಿನಲ್ಲಿ ಮೇಷ್ಟರೊಬ್ಬರು ಕೆನ್ನೆಗೆ ಹೊಡೆದಿದ್ದರಂತೆ. ಇಪ್ಪತ್ತು ವರ್ಷ ಅವಳು ಹಾಡಲು ಬಾಯಿ ಬಿಟ್ಟಿರಲಿಲ್ಲ. ಒಂದು ವರ್ಷ ಹಾಡಲು ನಾಚುವ ಹುಡುಗನೊಬ್ಬನಿಗೆ ಅದನ್ನು ಹೇಳಿದಳು. ಹುಡುಗನಿಗೆ ಧೈರ್ಯ ಬಂತು, ಇವಳಿಗೆ ಏಟು ಮರೆತುಹೋಯಿತು. ಈಗ ಗಿರಣಿಯ ಬೆಲ್ಟಿಗಿಂತ ಜೋರಾಗಿ ಹಾಡುತ್ತಾಳೆ. ರಾಗಿ ತಾನಾಗಿ ಹಿಟ್ಟಾಗುತ್ತದೆ. ಎಲ್ಲರಿಗೂ ಹೀಗೆ ಒಳ್ಳೆಯದಾಗುವುದಿಲ್ಲ. ದಿನಾ ಬೆಳಿಗ್ಗೆ ನಾಲ್ಕಕ್ಕೆ ಎದ್ದು ಓದಿದ ಎಂಜಿನಿಯರೊಬ್ಬ ಅದನ್ನು ಹೇಳಿ, ಅಂದಿನಿಂದ ಒಂಬತ್ತರ ತನಕ ಮಲಗುತ್ತಿದ್ದಾನೆ. ಪೋಸ್ಟ್ ಮಾಸ್ಟರ್ ಅನಂತಯ್ಯ ಮೃದು ಮನಸ್ಸಿನವರು, ಕೇಳಿದ ಮಗುವಿಗೆಲ್ಲ ಹೇಳಿ ಹೇಳಿ ಈಗ ಅವರ ಹತ್ತಿರ ಶಾಲೆಯ ಒಂದು ದಿನವೂ ಉಳಿದಿಲ್ಲ. "ಕಟ್ಟಡ ಚೆನ್ನಾಗಿದೆ, ಯಾವೂರಿನವರು ಕಟ್ಟಿಸಿದ್ದು?" ಎಂದು ಕೇಳುತ್ತಾರೆ. ಹಳಬರ ವಾರ ಬಂದರೆ ಅವರ ಹೆಂಡತಿ ಕೈ ಹಿಡಿದು ಬೇರೆ ಬೀದಿಯಲ್ಲಿ ಕರೆದುಕೊಂಡು ಹೋಗುತ್ತಾರೆ.

ಇಂಥ ಊರಿನಲ್ಲಿ ಹತ್ತೊಂಬತ್ತು ವರ್ಷ ಜಗಲಿಯ ಮೇಲೆ ಕೂತು, ಸಾವಿರಾರು ಮಕ್ಕಳಿಗೆ ಬುದ್ಧಿ ಹೇಳಿ, ಒಂದೇ ಒಂದು ನೆನಪೂ ಕಳೆದುಕೊಳ್ಳದ ಮಹಾನುಭಾವ ನಾನು. ಕೊನೆಯ ಚಾಪೆ ನನ್ನದು, ನಲ್ಲಿಯ ಪಕ್ಕ. ಬಾವಿಯಲ್ಲಿ ಕುತ್ತಿಗೆ ಮಟ್ಟ ನೀರಲ್ಲಿ ನಿಂತು, ತಲೆಯ ಮೇಲೆ ದೀಪ ಇಟ್ಟುಕೊಂಡು ಓದಿದೆ ಅನ್ನುತ್ತಿದ್ದೆ. ನನ್ನ ಉತ್ತರ ಪತ್ರಿಕೆ ನೋಡಿ ಲೆಕ್ಕದ ಮೇಷ್ಟರು ಕೆಲಸ ಬಿಟ್ಟು ಕಾಶಿಗೆ ಹೊರಟರು ಅನ್ನುತ್ತಿದ್ದೆ. ಮಕ್ಕಳು ಹೊಟ್ಟೆ ಹಿಡಿದು ನಗುತ್ತಿದ್ದವು. "ಏನಂದ್ರಿ, ಮಾವ?" ಅಂದರೆ ಅಕ್ಷರ ಬಿಡದೆ ತಿರುಗಿ ಹೇಳಿ, ಬಾವಿಯನ್ನು ಇನ್ನೆರಡು ಮಾರು ಆಳ ಮಾಡುತ್ತಿದ್ದೆ. ಹತ್ತೊಂಬತ್ತು ವರ್ಷದಲ್ಲಿ ನನ್ನ ಕೈಗೆ ಒಂದು ಕಾಳು ಹುರಿಗಡಲೆ ಬಿದ್ದಿರಲಿಲ್ಲ.

ನನ್ನ ಹೆಂಡತಿ ಸಾವಂತ್ರಿ ಹೊರಗಿನ ಊರಿನವಳು. ಅವಳಿಗೆ ಇದು ಸಹಿಸುತ್ತಿರಲಿಲ್ಲ. "ಖಾಲಿ ಕೈಲಿ ಹೋಗ್ತೀರ, ಖಾಲಿ ಕೈಲಿ ಬರ್ತೀರ. ನಿಮ್ಮ ಹತ್ರ ಒಂದಾದ್ರೂ ನಿಜ ಇದೆಯೇನ್ರೀ?"

"ಒಂದಿದೆ."

"ಎಲ್ಲಿ, ತೋರ್ಸಿ ನೋಡಾಣ."

"ಬೀಗ ಹಾಕಿ ಇಟ್ಟಿದೀನಿ."

"ತುಕ್ಕು ಹಿಡಿಯತ್ತೆ ಬಿಡಿ," ಅನ್ನುತ್ತಿದ್ದಳು.

ಒಂದು ಇತ್ತು. ಅದು ನನ್ನ ಅಪ್ಪನದು. ಏನು ಅಂತ ಈಗ ಕೇಳಬೇಡಿ. ಕಾವಲು ಕಾದದ್ದು ನನಗೆ ಚೆನ್ನಾಗಿ ನೆನಪಿದೆ, ಏನನ್ನು ಕಾದೆ ಅನ್ನುವುದು ಮಾತ್ರ ನೆನಪಿಲ್ಲ. ನಾನು ಚಿಕ್ಕವನಿದ್ದಾಗಲೇ ಅಪ್ಪ ತೀರಿಕೊಂಡ. ಅಪ್ಪನ ಬಗ್ಗೆ ನಾನು ಊರಿಗೆಲ್ಲ ಹೇಳಿದ ಕಥೆ ನೂರಾರು. ಒಂದರಲ್ಲಿ ಅವನು ಹುಲಿಯ ಬಾಯಿಗೆ ಸೋಡಾ ಗೋಲಿ ಎಸೆದು ಕೊಲ್ಲುತ್ತಾನೆ. ಜೋರು ಜೋರಾಗಿ ಅವನ್ನೆಲ್ಲ ಹೇಳುತ್ತಿದ್ದದ್ದು ಆ ಒಂದನ್ನು ಹೇಳದೆ ಇರಲಿಕ್ಕೆ.

ಆ ವರ್ಷ ಸೋಮವಾರ ದೇವೀರಮ್ಮ ತನ್ನ ಮಗಳು ನೀಲಾಳನ್ನು ಎಳೆದುಕೊಂಡು ಬಂದು ನನ್ನ ಚಾಪೆಯ ಮುಂದೆ ಕೂತಳು. ದೇವೀರಮ್ಮನದು ನಮ್ಮ ಬೀದಿಯಲ್ಲೇ ಇಸ್ತ್ರಿ ಅಂಗಡಿ, ಒಂದು ಮೇಜು, ಇದ್ದಿಲಿನ ಪೆಟ್ಟಿಗೆ. ಗಂಡನಿಲ್ಲ. ಓದು ಬರಹ ಬಾರದು. ನೀಲಾ ಒಂಬತ್ತನೇ ಕ್ಲಾಸು.

"ಪರಮೇಶಣ್ಣ, ನಮ್ ನೀಲಾ ಮೂರು ಟೆಸ್ಟಲ್ಲೂ ಫಸ್ಟು ಕಣಣ್ಣ," ಅಂದಳು ದೇವೀರಮ್ಮ. "ಕಾರ್ಡು ಅವಳೇ ಓದಿ ಹೇಳ್ತಾಳೆ, ನಾನು ಹೆಬ್ಬೆಟ್ಟು ಒತ್ತತೀನಿ. ಮುಂದೆ ಏನು ಓದ್ಸೋದು, ಒಂದು ಮಾತು ಹೇಳು. ಆ ಎಂಜಿನಿಯರ್ ಹತ್ರ ಹೋದ್ರೆ ಬೆಳಿಗ್ಗೆ ಬೇಗ ಏಳು ಅಂತಾನೆ, ಅದೂ ಒಂಬತ್ತು ಗಂಟೆಗೆ ಎದ್ದು ಬಂದು. ನೀನಾದ್ರೆ ನಗಿಸಿ ಹೇಳ್ತೀಯ."

ಹುಡುಗಿ ನನ್ನ ಮುಖ ನೋಡಲಿಲ್ಲ. ಚಾಪೆಯ ಕಡ್ಡಿಗಳನ್ನು ಒಂದೊಂದಾಗಿ ಕೀಳುತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ಆ ಬೆರಳುಗಳನ್ನು ನೋಡುತ್ತಿದ್ದರು. ನಾನು ನನ್ನ ಬಾಯಿಯನ್ನೇ ಕೇಳಿಸಿಕೊಳ್ಳುತ್ತಿದ್ದೆ. "ಫಸ್ಟು ಬಂದೋಳಿಗೆ ಫಸ್ಟು ಬಂದೋನೇ ಹೇಳ್ಬೇಕು, ಸರಿಯಾದ ಕಡೆ ಬಂದೆ ದೇವೀರಿ," ಎಂದು ಶುರು ಮಾಡಿ ಬಾವಿ, ದೀಪ, ಕಾಶಿ ಎಲ್ಲ ಮುಗಿಸಿದೆ. ಅಷ್ಟಕ್ಕೇ ನಿಲ್ಲಿಸಬೇಕಿತ್ತು. ಸುತ್ತ ಜನ ಸೇರಿದ್ದರು. ಜನ ಕಂಡರೆ ನನಗೆ ಗ್ಯಾಸು ಏರುತ್ತದೆ. "ಶನಿವಾರ ಫಲಿತಾಂಶ ಗೋಡೆಗೆ ಅಂಟಿದ ಕೂಡಲೇ ನೀಲಾ ಹೆಸರಲ್ಲಿ ಇಡೀ ಶಾಲೆಗೆ ಸೋಡಾ, ನನ್ನ ಕಡೆಯಿಂದ!" ಎಂದುಬಿಟ್ಟೆ. ಜಗಲಿ ಪೂರ್ತಿ ಚಪ್ಪಾಳೆ.

ಪದ್ಧತಿಯಂತೆ ಹುಡುಗಿ ಕೇಳಬೇಕಲ್ಲ, "ಏನಂದ್ರಿ, ಮಾವ?" ಎಂದಿತು. ಒಣಗಿದ ದನಿ. ನಾನು ಉತ್ಸಾಹದಿಂದ ಎಲ್ಲವನ್ನೂ ತಿರುಗಿ ಹೇಳಿ, ಸೋಡಾಕ್ಕೆ ಪನ್ನೀರನ್ನೂ ಸೇರಿಸಿದೆ. ದೇವೀರಮ್ಮ ನಕ್ಕು, ತಂದಿದ್ದ ಹುರಿಗಡಲೆಯನ್ನು ಮಗಳ ಚೀಲಕ್ಕೆ ವಾಪಸು ಸುರಿದಳು.

ಆ ವಾರ ದೇವೀರಮ್ಮ ಇಸ್ತ್ರಿ ಮಾಡಿದ ಬಟ್ಟೆಗಳನ್ನು ನೋಡಬೇಕಿತ್ತು. ನನ್ನ ಅಂಗಿಯ ತೋಳಿನ ಮಡಿಕೆಯಲ್ಲಿ ನಿಂಬೆಹಣ್ಣು ಕೊಯ್ಯಬಹುದಿತ್ತು, ಕೊಯ್ದಿದ್ದೇನೆ ಕೂಡ. ಬಟ್ಟೆ ಕೊಡಲು ಬಂದವರಿಗೆಲ್ಲ ಒಂದೇ ಮಾತು: ಶನಿವಾರ ಬನ್ನಿ, ನಮ್ ನೀಲಂದು. ತನ್ನ ಮದುವೆಯ ಸೀರೆಯನ್ನು ಟ್ರಂಕಿನಿಂದ ತೆಗೆದು, ಮೂರು ಸಲ ಇಸ್ತ್ರಿ ಮಾಡಿ, ಅಂಗಡಿಯ ತಂತಿಗೆ ನೇತು ಹಾಕಿದ್ದಳು. ಹಸಿರು ಸೀರೆ, ಹಳದಿ ಅಂಚು. ಅದರ ಕೆಳಗೇ ಕೂತು ಹುಡುಗಿ ಬಟ್ಟೆ ಮಡಿಸುತ್ತಿತ್ತು.

ಶುಕ್ರವಾರ ಹನ್ನೊಂದೂವರೆಗೆ ನೀಲಾ ನನ್ನ ಅಂಗಡಿಗೆ ಬಂತು. ಭುಜದ ಮೇಲೆ ಶಾಲೆಯ ಚೀಲ. ಪುಸ್ತಕದ ಚೀಲ ಮೂಲೆಮೂಲೆಯಾಗಿರುತ್ತದೆ, ಇದು ಗುಂಡಗಿತ್ತು. ಬಟ್ಟೆ ತುಂಬಿದ ಚೀಲ.

"ಒಂದು ನಿಂಬೆ ಸೋಡಾ, ಮಾವ."

"ಎಲ್ಲಿಗವ್ವ ಸವಾರಿ?"

"ಚಿಕ್ಕಮ್ಮನ ಊರಿಗೆ. ಅಲ್ಲೇ ಎಲ್ಲಾದ್ರೂ ಕೆಲಸಕ್ಕೆ ಸೇರ್ಕೋತೀನಿ."

"ನಾಳೆ ಫಲಿತಾಂಶ, ಇವತ್ತು ಊರು ಬಿಡ್ತೀಯಾ? ನಿನ್ನ ಹೆಸರಲ್ಲಿ ನೂರು ಕ್ರೇಟು ತುಂಬಿಸಿ ಇಟ್ಟಿದೀನಿ ಕಣೇ!" ಇದ್ದದ್ದು ಆರು ಕ್ರೇಟು.

"ಮಾರ್ಕೊಳ್ಳಿ, ಮಾವ." ನಾನು ಗೋಲಿ ಒತ್ತಿ ಕೊಟ್ಟ ಬಾಟಲಿಯನ್ನು ಅದು ಕುಡಿಯಲಿಲ್ಲ. ನೊರೆ ಉಕ್ಕಿ ಕೈ ಮೇಲೆ ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. "ಮೊದಲನೇ ಟೆಸ್ಟಲ್ಲೇ ನಾನು ಮೂರರಲ್ಲಿ ಫೇಲು. ಅವತ್ತು ಅಮ್ಮ ಪೆಟ್ಟಿಗೆ ತಾಗಿ ಕೈ ಸುಟ್ಕೊಂಡಿದ್ಲು. ಬೆಣ್ಣೆ ಹಚ್ಕೊಂತ, ಕಾರ್ಡಲ್ಲಿ ಏನಂತೆ ಅಂದ್ಲು. ಫಸ್ಟಂತೆ ಅಂದ್ಬಿಟ್ಟೆ. ಉರಿ ಮರ್ತು ನಕ್ಕಳು. ಎರಡನೇ ಸಲ ಹೇಗೆ ಕಮ್ಮಿ ಹೇಳೋದು? ಮೂರನೇ ಸಲ ಕೇಳಲೇ ಇಲ್ಲ, ಅವಳೇ ಹೇಳಿದ್ಲು, ಫಸ್ಟು ತಾನೆ ಅಂತ. ಈಗ ನೀವು ಸೋಡಾ ಬೇರೆ ಅಂದಿದೀರ. ನಾಳೆ ಆ ಸೀರೆ ಉಟ್ಕೊಂಡು ಬರ್ತಾಳೆ."

ನನ್ನ ಬಾಯಿಯೂ ನೊರೆ ಇಳಿದ ಬಾಟಲಿಯಂತಾಯಿತು. "ಹೆತ್ತೋಳು ತಾನೆ ಮಗಳೇ, ಹೇಳ್ಬಿಡು," ಅಂದೆ.

"ಹೇಳ್ಬಿಡು ಅನ್ನೋದು ಸುಲಭ, ಮಾವ. ಟೀಚರೂ ಅದೇ ಅಂತಾರೆ. ಹೇಳಿದ ಮೇಲೆ ಏನಾಗತ್ತೆ? ಅದು ಯಾರಿಗಾದ್ರೂ ಗೊತ್ತಾ? ನಿಮಗೆ ಗೊತ್ತಾ?"

ಇಂಥ ಪ್ರಶ್ನೆಗೆ ನಾನು ಹಿಂದೆ ಇಪ್ಪತ್ತು ಬಗೆಯ ಉತ್ತರ ಕೊಟ್ಟಿದ್ದೇನೆ. ಹಳ್ಳದ ಆಚೆ ಬಸ್ಸಿನ ಹಾರನ್ನು ಕೇಳಿಸಿತು. ಅಂಗಡಿಯ ಹಿಂದೆ ಸಾವಂತ್ರಿ ಬಾಟಲಿ ತೊಳೆಯುವ ಸದ್ದು ನಿಂತಿತು. ಹುಡುಗಿ ಚೀಲದ ಪಟ್ಟಿಯನ್ನು ಸರಿ ಮಾಡಿಕೊಂಡಿತು.

"ಗೊತ್ತು," ಅಂದೆ.

ನನಗೆ ನೆನಪಿರುವುದು ಇಷ್ಟು. ಆಮೇಲೆ ನೆನಪಿರುವುದು, ಬಸ್ಸು ಬಂದು ನಿಂತು ಹೋಗಿಯಾಗಿತ್ತು, ಧೂಳು ಇನ್ನೂ ಕೂತಿರಲಿಲ್ಲ. ಡ್ರೈವರ್ ಸೋಡಾಕ್ಕೆ ಕೂಗಿದ್ದು ಕೂಡ ನನಗೆ ಗೊತ್ತಾಗಿಲ್ಲ. ಹುಡುಗಿ ಅಂಗಡಿಯ ಬೆಂಚಿನ ಮೇಲೆ ನನ್ನ ಪಕ್ಕದಲ್ಲೇ ಕೂತಿತ್ತು. ನನ್ನ ಕೆನ್ನೆ ಒದ್ದೆಯಾಗಿತ್ತು. ಬಾಟಲಿ ಸಿಡಿದಿರಬೇಕು ಅಂದುಕೊಂಡು ಸುತ್ತ ನೋಡಿದೆ, ಯಾವ ಬಾಟಲಿಯೂ ಸಿಡಿದಿರಲಿಲ್ಲ.

"ಏನಂದ್ರಿ, ಮಾವ?" ಎಂದು ಹುಡುಗಿ ಮೆಲ್ಲಗೆ ಕೇಳಿತು.

ಎಂದಿನಂತೆ ಅಕ್ಷರ ಬಿಡದೆ ಹೇಳೋಣ ಎಂದು ಬಾಯಿ ತೆರೆದೆ. ಬಾವಿ ಇತ್ತು, ಕಾಶಿ ಇತ್ತು, ಹುಲಿ ಇತ್ತು. ಅವುಗಳ ನಡುವೆ ಏನೋ ಇದ್ದ ಜಾಗದಲ್ಲಿ ಏನೂ ಇರಲಿಲ್ಲ. ಹಲ್ಲು ಕಿತ್ತ ಮೇಲೆ ನಾಲಿಗೆ ಹೋಗಿ ಹೋಗಿ ಮುಟ್ಟಿ ಬರುವ ಜಾಗದ ಹಾಗೆ.

"ಏನಂದೆ?" ಅಂದೆ.

ಹುಡುಗಿ ಚೀಲ ಬಿಚ್ಚಿ, ಬಟ್ಟೆಯ ಅಡಿಗೆ ಕೈ ಹಾಕಿ, ಸೋಮವಾರ ವಾಪಸು ಹೋದ ಹುರಿಗಡಲೆಯನ್ನು ತೆಗೆದು ಎರಡೂ ಕೈ ತುಂಬ ನನ್ನ ಕೈಗೆ ಸುರಿಯಿತು. ಕಾಲು ಮುಟ್ಟಲು ಬಗ್ಗಿತು. ನಾನು ಬೇಡ ಅನ್ನುವಷ್ಟರಲ್ಲಿ ಎದ್ದು ಬೀದಿ ದಾಟಿ ಇಸ್ತ್ರಿ ಅಂಗಡಿಯ ಕಡೆ ನಡೆಯಿತು.

ನನ್ನ ಬೆಂಚಿನಿಂದ ದೇವೀರಮ್ಮನ ಅಂಗಡಿ ಕಾಣುತ್ತದೆ, ಮಾತೂ ಕೇಳಿಸುತ್ತದೆ. ನನ್ನ ಕಿವಿಗೆ ಇರುವೆ ಕೆಮ್ಮಿದರೂ ಕೇಳಿಸುತ್ತದೆ, ಅದಿರಲಿ. ದೇವೀರಮ್ಮ ಹೆಡ್ ಮೇಷ್ಟರ ಬಿಳಿ ಅಂಗಿಯನ್ನು ಇಸ್ತ್ರಿ ಮಾಡುತ್ತಿದ್ದಳು. ನೀಲಾ ಕಾರ್ಡು ತೆಗೆದು ಓದಿತು. ಕನ್ನಡ ಐವತ್ತೆರಡು. ಸಮಾಜ ನಲವತ್ತು. ಆಮೇಲೆ ನಿಲ್ಲಿಸಿ, "ಇಲ್ಲಿಂದ ಕೆಂಪಗಿದೆ, ಅಮ್ಮ," ಎಂದು ಉಳಿದದ್ದನ್ನೂ ಓದಿತು.

"ಲೆಕ್ಕದಲ್ಲಿ ಎಷ್ಟಂದೆ?" ಅಂದಳು ದೇವೀರಮ್ಮ.

"ಹದಿನಾಲ್ಕು."

"ನೂರಕ್ಕಾ?"

"ಹೂಂ."

ಪೆಟ್ಟಿಗೆ ಅಂಗಿಯ ಬೆನ್ನಿನ ಮೇಲೆ ನಿಂತೇ ಇತ್ತು. ಮೊದಲು ವಾಸನೆ ಬಂತು, ಆಮೇಲೆ ಹೊಗೆ. ದೇವೀರಮ್ಮ ಪೆಟ್ಟಿಗೆ ಎತ್ತಿ ಪಕ್ಕಕ್ಕಿಟ್ಟು, ಮಗಳ ಕೆನ್ನೆಗೆ ಒಂದು ಏಟು ಹಾಕಿದಳು. ಆ ಕೈ ಅಲ್ಲೇ ನಿಂತುಬಿಟ್ಟಿತು, ಕೆನ್ನೆಯ ಮೇಲೆ. ಎಷ್ಟೋ ಹೊತ್ತು ಅದು ಕೆನ್ನೆಯನ್ನು ಬಿಡಲಿಲ್ಲ. "ಮತ್ತೆ ಓದು," ಅಂದಳು. "ನಿಧಾನಕ್ಕೆ ಓದು. ಯಾವುದು ಯಾವುದರಲ್ಲಿ ಎಷ್ಟು ಕಮ್ಮಿ, ನನಗೂ ಗೊತ್ತಾಗ್ಲಿ."

ಶನಿವಾರ ಫಲಿತಾಂಶದ ಹಾಳೆ ಅಂಟಿತು. ಪಾಸಾದವರ ಪಟ್ಟಿಯಲ್ಲಿ ನೀಲಾ ಹೆಸರಿರಲಿಲ್ಲ. ದೇವೀರಮ್ಮ ಹಸಿರು ಸೀರೆ ಉಟ್ಟು, ಮಗಳ ಕೈ ಹಿಡಿದು, ಊರಿನವರೆಲ್ಲ ನೋಡುತ್ತಿದ್ದ ಹಾಗೇ ಹಾಳೆಯ ಮುಂದೆ ನಿಂತು, ಅಕ್ಷರ ಗೊತ್ತಿಲ್ಲದಿದ್ದರೂ ಮೇಲಿಂದ ಕೆಳಗಿನ ತನಕ ನೋಡಿದಳು. ಆಮೇಲೆ ನನ್ನ ಅಂಗಡಿಗೆ ಬಂದಳು. "ಸೋಡಾ ಎಲ್ಲಣ್ಣ?"

"ಅದು, ದೇವೀರಿ, ನಾನು ಅಂದಿದ್ದು..."

"ಫಲಿತಾಂಶ ಅಂಟಿದ ಕೂಡಲೇ ಅಂದಿದ್ದೆ. ಅಂಟಿದೆ. ನೀಲಾ ಹೆಸರಲ್ಲಿ ಅಂದಿದ್ದೆ. ಅವಳ ಹೆಸರು ನೀಲಾನೇ, ಬದಲಾಗಿಲ್ಲ. ಪನ್ನೀರೂ ಅಂದಿದ್ದೆ."

ಆರು ಕ್ರೇಟೂ ಒಡೆದೆ. ಬೆನ್ನಿನ ಮೇಲೆ ಇಸ್ತ್ರಿ ಪೆಟ್ಟಿಗೆಯ ಆಕಾರದ ಕಂದು ಗುರುತಿದ್ದ ಅಂಗಿಯಲ್ಲೇ ಬಂದಿದ್ದ ಹೆಡ್ ಮೇಷ್ಟರೂ ಒಂದು ಕುಡಿದರು. ಜೂನ್‌ನಲ್ಲಿ ಮರುಪರೀಕ್ಷೆ ಎಂದು ಅವರೇ ದೇವೀರಮ್ಮನಿಗೆ ಹೇಳಿದರು. ಏಪ್ರಿಲ್, ಮೇ ಪೂರ್ತಿ ಇಸ್ತ್ರಿ ಮೇಜಿನ ಒಂದು ತುದಿಯಲ್ಲಿ ಬಟ್ಟೆ, ಇನ್ನೊಂದು ತುದಿಯಲ್ಲಿ ಲೆಕ್ಕದ ಪುಸ್ತಕ. ತಾಯಿಗೆ ಲೆಕ್ಕ ಬಾರದು. ಆದರೆ ಮಗಳು ಬಿಡಿಸುತ್ತಾ ತಡವರಿಸಿದರೆ ಅವಳಿಗೆ ಗೊತ್ತಾಗುತ್ತಿತ್ತು, "ಅಲ್ಲಿಂದ ಮತ್ತೆ ಹೇಳು," ಅನ್ನುತ್ತಿದ್ದಳು. ಜೂನ್‌ನಲ್ಲಿ ನೀಲಾ ಮೂರರಲ್ಲೂ ಪಾಸಾಯಿತು. ಲೆಕ್ಕದಲ್ಲಿ ನಲವತ್ತೊಂದು. ನಾನು ಹೇಳುವ ಕಥೆಯಲ್ಲಿ ನೂರಕ್ಕೆ ನೂರಾಹತ್ತು ಬರಬೇಕಿತ್ತು ಅಂತ ನಿಮಗೆ ಅನ್ನಿಸಬಹುದು. ನಲವತ್ತೊಂದು.

ನನ್ನ ವಿಷಯಕ್ಕೆ ಬರುತ್ತೇನೆ. ಆ ಶನಿವಾರ ಮಧ್ಯಾಹ್ನ ಖಾಲಿ ಬಾಟಲಿಗಳ ನಡುವೆ ಕೂತಿದ್ದೆ. ಹುರಿಗಡಲೆ ಇನ್ನೂ ಅಂಗಿಯ ಜೇಬಿನಲ್ಲೇ ಇತ್ತು, ತಿನ್ನಲು ಮನಸ್ಸಾಗಿರಲಿಲ್ಲ. ಹಿಂದಿನ ದಿನ ಬಾಟಲಿ ತೊಳೆಯುವುದನ್ನು ನಿಲ್ಲಿಸಿ ಗೋಡೆಯ ಆಚೆಯಿಂದ ಎಲ್ಲ ಕೇಳಿಸಿಕೊಂಡಿದ್ದ ಸಾವಂತ್ರಿ ಬಂದು ಎದುರಿಗೆ ಕೂತಳು.

"ಹೇಳ್ಲಾ?" ಅಂದಳು.

"ಹೇಳು."

ಅವಳು ಹೇಳಿದ್ದನ್ನು ಹೇಳಿದಂತೆಯೇ ಬರೆಯುತ್ತೇನೆ. ಒಬ್ಬ ಹುಡುಗನಿದ್ದ. ಅವನ ಅಪ್ಪನಿಗೆ ಸೋಡಾ ತುಂಬಿಸಲು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ಹುಡುಗ ಶಾಲೆಯಿಂದ ಕಾರ್ಡು ತಂದು, ಎಲ್ಲದರಲ್ಲೂ ತೊಂಬತ್ತು ಎಂದು ಓದುತ್ತಿದ್ದ. ಅಪ್ಪ ಕೈ ಒರೆಸಿಕೊಂಡು ಹೆಬ್ಬೆಟ್ಟು ಒತ್ತುತ್ತಿದ್ದ. ಹಿಂದೊಮ್ಮೆ ಬಾಟಲಿ ಸಿಡಿದು ಆ ಹೆಬ್ಬೆರಳಿಗೆ ಅಡ್ಡಲಾಗಿ ಗಾಯವಾಗಿತ್ತು, ಹಾಗಾಗಿ ಅವನ ಗುರುತಿನ ನಡುವೆ ಯಾವಾಗಲೂ ಒಂದು ಬಿಳಿ ಗೆರೆ ಬೀಳುತ್ತಿತ್ತು. ಎರಡು ವರ್ಷ ಹೀಗೇ ನಡೆಯಿತು. ಒಂದು ದಿನ ಹುಡುಗ ಎಂದಿನಂತೆ ತೊಂಬತ್ತು ಓದಿದ. ಅಪ್ಪ ತುಂಬಿಸುತ್ತಿದ್ದ ಯಂತ್ರ ನಿಲ್ಲಿಸಿ ಬಂದು ಕಾರ್ಡು ತೆಗೆದುಕೊಂಡ. ಹೆಬ್ಬೆರಳನ್ನು ಸಹಿಯ ಜಾಗದಲ್ಲಿಡದೆ ಒಂದು ಅಂಕಿಯ ಕೆಳಗೆ ಇಟ್ಟ. "ಇದು ಕೆಂಪಗಿದೆಯಲ್ಲೋ. ನಂಗೆ ಓದಕ್ಕೆ ಬರಲ್ಲ, ಬಣ್ಣ ಕಾಣತ್ತೆ," ಅಂದ. ಮೊದಲನೇ ಕಾರ್ಡಿನಿಂದಲೂ ನೋಡುತ್ತಿದ್ದೇನೆ ಅಂದ. ಮತ್ಯಾಕೆ ಸುಮ್ಮನಿದ್ದೆ ಎಂದು ಹುಡುಗ ಅಳುತ್ತಾ ಕೇಳಿದ. "ತೊಂಬತ್ತು ಅನ್ನೋವಾಗ ನಿನ್ನ ಮುಖ ಚೆನ್ನಾಗಿರ್ತಿತ್ತು. ಅದನ್ನ ನೋಡ್ತಾ ಕೂತ್ಬಿಟ್ಟೆ. ತಪ್ಪು ನಂದೂ ಇದೆ, ಬೇಗ ಕೇಳ್ಬೇಕಿತ್ತು," ಅಂದ ಅಪ್ಪ. "ನಾಳೆಯಿಂದ ಕೆಂಪನ್ನೂ ಓದು. ಓದು, ಆಮೇಲೆ ಇಬ್ರೂ ಕೂತು ನೋಡಾಣ." ಒಂದು ಪನ್ನೀರು ಸೋಡಾ ಒಡೆದು, ಅರ್ಧ ಹುಡುಗನಿಗೆ ಕುಡಿಸಿ, ಅರ್ಧ ತಾನು ಕುಡಿದ. ಆಮೇಲೆ ಸಹಿಯ ಜಾಗದಲ್ಲಿ ಹೆಬ್ಬೆಟ್ಟು ಒತ್ತಿದ. ಮುಂದಿನ ವರ್ಷದ ಕಾರ್ಡು ಬರುವ ಮುಂಚೆ ಅಪ್ಪ ತೀರಿಕೊಂಡ.

"ಅಷ್ಟೇ," ಅಂದಳು ಸಾವಂತ್ರಿ. "ಹೇಳಿದ ಮೇಲೆ ಏನೂ ಆಗಲ್ಲ ಮಗಳೇ, ಇಬ್ರೂ ಕೂತು ನೋಡ್ಬೋದು, ಅದಷ್ಟೇ ಆಗೋದು ಅಂದ್ರಿ ಅವಳಿಗೆ. ಅಪ್ಪ ಅಂದ್ರೆ ನನಗೆ ನಿಜವಾಗಿ ಇರೋದು ಅದೊಂದೇ ದಿನ, ಮಿಕ್ಕಿದ್ದೆಲ್ಲ ನಾನು ಕಟ್ಟಿದ್ದು, ನೀನಿದನ್ನ ಜೋಪಾನ ಮಾಡು ಅಂತಾನೂ ಅಂದ್ರಿ."

ನಾನು ಕೇಳಿಸಿಕೊಂಡೆ. ಚೆನ್ನಾಗಿತ್ತು. ಬೇರೆ ಯಾರದ್ದೋ ಮನೆಯ ಸುದ್ದಿ ಕೇಳಿದ ಹಾಗಿತ್ತು. ಆ ಅಪ್ಪನ ಮುಖ ಹೇಗಿತ್ತು ಎಂದು ನೋಡಲು ಕಣ್ಣು ಮುಚ್ಚಿದೆ, ಕಾಣಲಿಲ್ಲ. "ನೀನೇ ಕಟ್ಟಿದ್ದಲ್ಲ ತಾನೆ?" ಅಂದೆ.

"ಕಟ್ಟೋಕೆ ಬರೋದು ನಿಮಗೆ. ನನಗೆ ಬಾಟಲಿ ತೊಳೆಯೋಕೆ ಬರತ್ತೆ," ಎಂದು ಎದ್ದು ಹೋದಳು.

ಆಮೇಲೆ ನಾನು ಟ್ರಂಕು ತೆಗೆದೆ. ತಳದಲ್ಲಿ, ಹಳೆಯ ಪಂಚೆಯೊಂದರ ಮಡಿಕೆಯಲ್ಲಿ, ನನ್ನ ಹೆಸರಿನ ಒಂದು ಕಾರ್ಡಿತ್ತು. ಅದನ್ನು ಅಲ್ಲಿ ಇಟ್ಟದ್ದು ನಾನೇ ಇರಬೇಕು. ಅದರಲ್ಲಿದ್ದ ಕೆಂಪು ಅಂಕಿಗಳನ್ನು ಒಂದೊಂದಾಗಿ ಎಣಿಸಿದೆ. ಕೆಳಗೆ ನೀಲಿ ಹೆಬ್ಬೆಟ್ಟು, ನಡುವೆ ಅಡ್ಡಲಾಗಿ ಒಂದು ಬಿಳಿ ಗೆರೆ. ನನ್ನ ಹೆಬ್ಬೆರಳನ್ನು ಅದರ ಮೇಲಿಟ್ಟು ನೋಡಿದೆ. ಅದು ನನ್ನದಕ್ಕಿಂತ ಚಿಕ್ಕದಿತ್ತು. ನನ್ನ ಕಥೆಗಳಲ್ಲಿ ಅಪ್ಪ ಏಳು ಅಡಿ ಎತ್ತರ.

ಈ ವರ್ಷದ ಹಳಬರ ವಾರದಲ್ಲೂ ನಾನು ಕೊನೆಯ ಚಾಪೆಯಲ್ಲಿ ಕೂತಿದ್ದೆ. ಬಾವಿ, ಕಾಶಿ ಯಾವುದೂ ಹೇಳಲಿಲ್ಲ. ಬಂದ ಮಕ್ಕಳಿಗೆಲ್ಲ ಆ ಹುಡುಗ ಮತ್ತು ಅವನ ಅಪ್ಪನ ಕಥೆ ಹೇಳಿದೆ. ಮಕ್ಕಳ ಜೊತೆ ಬಂದ ಅಪ್ಪಂದಿರು, ಅಮ್ಮಂದಿರು ತಮ್ಮ ಮಗುವಿನ ಕಡೆ ತಿರುಗಿ ನೋಡುತ್ತಿದ್ದರು. ಆಮೇಲೆ ಮಗು ಕೇಳುತ್ತಿತ್ತು, "ಏನಂದ್ರಿ, ಮಾವ?" ನಾನು ಮೊದಲಿನಿಂದ ಕೊನೆಯ ತನಕ ಅಕ್ಷರ ಬಿಡದೆ ತಿರುಗಿ ಹೇಳುತ್ತಿದ್ದೆ. ಈಗ ಅದು ನನ್ನ ನೆನಪಲ್ಲ, ಹೆಂಡತಿಯ ಬಾಯಿಂದ ಕೇಳಿದ ಕಥೆ, ಹೋಗುವುದಾದರೂ ಹೇಗೆ? ಮಗು ನಕ್ಕು, "ಸೋಡಾ ಮಾವಂದು ಇದೂ ಸುಳ್ಳೇ," ಎಂದು ಎದ್ದು ಪಕ್ಕದ ಚಾಪೆಗೆ ಹೋಗುತ್ತಿತ್ತು. ನನ್ನ ಜೀವಮಾನದಲ್ಲಿ ನಾನು ಹೇಳಿದ ಒಂದೇ ನಿಜವಾದ ಕಥೆಗೆ ಈ ಸಲ ಒಂದು ಕಾಳು ಹುರಿಗಡಲೆಯೂ ಬರಲಿಲ್ಲ. ಹೀಗೆ ನಾಲ್ಕು ದಿನ.

ಶುಕ್ರವಾರ ಮಧ್ಯಾಹ್ನ ನೀಲಾ ಬಂತು. ಭುಜದ ಮೇಲಿದ್ದದ್ದು ಮೂಲೆಮೂಲೆಯಾದ ಚೀಲ. ನನ್ನ ಮುಂದೆ ಕೂತು, "ಹೇಳಿ ಮಾವ," ಅಂದಿತು. ಅದಕ್ಕೆ ಗೊತ್ತಿರುವ ಕಥೆ, ನನಗಿಂತ ಚೆನ್ನಾಗಿ ಗೊತ್ತಿರುವ ಕಥೆ. ಆದರೂ ಹೇಳಿದೆ. ತಲೆ ಆಡಿಸುತ್ತಾ ಪೂರ್ತಿ ಕೇಳಿತು. ಒಂದು ಕಡೆ ಮಾತ್ರ ತಡೆದು, "ಪನ್ನೀರಲ್ಲ ಮಾವ, ನಿಂಬೆ ಸೋಡಾ. ಅತ್ತೆಗೆ ಸರಿಯಾಗಿ ಕೇಳಿಸಿಲ್ಲ," ಅಂದಿತು. ತಿದ್ದಿಕೊಂಡೆ. ಮುಗಿದ ಮೇಲೆ ಏನಂದ್ರಿ ಎಂದು ಅದು ಕೇಳಲಿಲ್ಲ. ಚೀಲ ತೆಗೆದು ಎರಡೂ ಕೈ ತುಂಬ ಹುರಿಗಡಲೆಯನ್ನು ನನ್ನ ಕೈಗೆ ಸುರಿಯಿತು.

ಪಕ್ಕದ ಚಾಪೆಯಲ್ಲಿದ್ದ ಎಂಜಿನಿಯರ್ ಬಗ್ಗಿ ನೋಡಿದ. "ಏನ್ ಪರಮೇಶಣ್ಣ, ಕೊನೆಗೂ ಬಿತ್ತಾ? ಅದೇ ಕಾರ್ಡಿನ ಕಥೆ ತಾನೆ? ಎಷ್ಟು ಸಬ್ಜೆಕ್ಟಲ್ಲಿ ಕೆಂಪು ಅಂಕಿ, ಹತ್ತಾ, ಹದಿನೈದಾ?"

ಜನ ಸೇರಿದ್ದರು. ಗ್ಯಾಸು ಏರುವ ಹೊತ್ತು. ಹುರಿಗಡಲೆಯ ಒಂದು ಕಾಳನ್ನು ಬಾಯಿಗೆ ಹಾಕಿಕೊಂಡು ಅಗಿದೆ. ಸಾವಂತ್ರಿ ಬೀದಿಯ ಆಚೆಯಿಂದ ನೋಡುತ್ತಿದ್ದಳು.

"ಐದು," ಅಂದೆ. "ಕಾರ್ಡು ಮನೇಲಿದೆ, ಬಂದು ನೋಡು. ಆರೂ ಅಲ್ಲ. ಐದು."